ಫ್ರೀಸ್ಟೈಲ್ ಡ್ರಿಲ್‌ಗಳು: ಕೈ ಆಮೇಲೆ, ಮೊದಲು ತಲೆ ನೋಡಿ

ತುಮಕೂರಿನ ನಮ್ಮ ಕೊಳದಲ್ಲಿ ಬೆಳಗಿನ ಬ್ಯಾಚು ಮುಗಿದ ಮೇಲೆ ಅಪ್ಪ ಅಮ್ಮಂದಿರು ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಸಾರ್, ದಿನಾ ಡ್ರಿಲ್ ಮಾಡ್ತಾನೆ. ಆರು ತಿಂಗಳಾಯ್ತು. ಟೈಮಿಂಗ್ ಮಾತ್ರ ಅಲ್ಲೇ ನಿಂತಿದೆ. ಯಾಕೆ?"

ಡ್ರಿಲ್ ಅಂದರೆ ಈಜಿನ ಒಂದೊಂದೇ ಭಾಗವನ್ನು ಬಿಡಿಸಿ ಮಾಡುವ ಅಭ್ಯಾಸ. ಆ ಹುಡುಗ ಅದನ್ನು ಮಾಡುವಾಗ ಹತ್ತು ನಿಮಿಷ ದಡದಲ್ಲಿ ನಿಂತು ನೋಡಿದರೆ ಉತ್ತರ ಸಿಗುತ್ತದೆ. ಎಲ್ಲರೂ ಕೈಯಿಂದ ಶುರು ಮಾಡಿರುತ್ತಾರೆ. ತಲೆ ಮೇಲಿದೆ, ಕಾಲು ಮುಳುಗಿದೆ, ಉಸಿರು ಕಟ್ಟಿಕೊಂಡಿದೆ. ಅದರ ಮೇಲೆ ಕೈ ತಿದ್ದಲು ಹೊರಟಿದ್ದಾರೆ. ಪಾಯ ಓರೆಯಾದ ಮನೆಗೆ ಸುಣ್ಣ ಹೊಡೆದ ಹಾಗೆ. ಡ್ರಿಲ್‌ಗಳಲ್ಲಿ ತಪ್ಪಿಲ್ಲ, ತಪ್ಪಿರುವುದು ಅವುಗಳ ಸರದಿಯಲ್ಲಿ.

ಇಲ್ಲಿ ಹೇಳುವ ಕ್ರಮ 9ರಿಂದ 14 ವರ್ಷದ, ನಿಲ್ಲದೆ 100 ಮೀಟರ್ ಈಜಬಲ್ಲ, ಸ್ಪರ್ಧೆಗೆ ಇಳಿದಿರುವ ಮಕ್ಕಳಿಗೆ. ಹೊಸದಾಗಿ ಈಜು ಕಲಿಯುವವರಿಗಲ್ಲ. ಕೆರೆ, ಬಾವಿಯಲ್ಲಿ ಮಾಡುವಂಥದ್ದೂ ಅಲ್ಲ. ತಳ ಕಾಣುವ ಕೊಳ ಬೇಕು, ದಡದಲ್ಲಿ ಕೋಚ್ ಅಥವಾ ಲೈಫ್‌ಗಾರ್ಡ್ ಇರಬೇಕು. ಇವೆರಡೂ ಇಲ್ಲದಿದ್ದರೆ ಶುರು ಮಾಡಬೇಡಿ.

## ಬೇಕಾದ ಸಾಮಾನು

ಗಾಗಲ್ಸ್ ಸರಿಯಾಗಿ ಕೂರಬೇಕು. ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಪಟ್ಟಿ ಹಾಕದೆ ಕಣ್ಣಿಗೆ ಮೆಲ್ಲಗೆ ಒತ್ತಿ ಕೈ ಬಿಟ್ಟರೆ ಎರಡು ಸೆಕೆಂಡಾದರೂ ಅಂಟಿಕೊಂಡಿರಬೇಕು. ನೀರು ನುಗ್ಗುವ ಗಾಗಲ್ಸ್ ಹಾಕಿದ ಮಗು ತಲೆ ಎತ್ತಿಯೇ ಈಜುತ್ತದೆ. ಅದಕ್ಕೆ ಯಾವ ಡ್ರಿಲ್ಲೂ ಮದ್ದಲ್ಲ.

ಉಳಿದದ್ದು ಒಂದು ಕಿಕ್‌ಬೋರ್ಡ್ (ಕೈಯಲ್ಲಿ ಹಿಡಿಯುವ ತೇಲುವ ಹಲಗೆ), ಒಂದು ಪುಲ್ ಬಾಯ್ (ತೊಡೆ ನಡುವೆ ಇಟ್ಟುಕೊಳ್ಳುವ ತೇಲುವ ತುಂಡು), ಮೆತ್ತನೆಯ ಚಿಕ್ಕ ಫಿನ್ಸ್ (ಪಾದಕ್ಕೆ ಹಾಕುವ ರೆಕ್ಕೆ), ಟೋಪಿ, ನೀರಿನ ಬಾಟಲಿ, ಸ್ಟಾಪ್‌ವಾಚ್. ಫಿನ್ಸ್ "ಮುಂದಿನ ವರ್ಷಕ್ಕೂ ಆಗಲಿ" ಅಂತ ದೊಡ್ಡದು ತರಬೇಡಿ. ಸಡಿಲವಾದರೆ ಹಿಮ್ಮಡಿ ಉಜ್ಜಿ ಬೊಬ್ಬೆ ಬರುತ್ತದೆ, ಮಗು ಪಾದವನ್ನು ಬಿಗಿ ಹಿಡಿದು ಒದೆಯುತ್ತದೆ.

ಕೈಗೆ ಹಾಕುವ ಪ್ಯಾಡಲ್ ಮಾತ್ರ ಬೇಡ. ಕ್ಯಾಚ್, ಅಂದರೆ ಕೈ ನೀರು ಹಿಡಿಯುವ ರೀತಿ, ಸರಿಯಾಗುವ ತನಕ, ಅಂದಾಜು 13 ವರ್ಷ ದಾಟುವ ತನಕ, ಅದನ್ನು ಬ್ಯಾಗಿನಿಂದ ತೆಗೆಯಬೇಡಿ. ಇದು ನನ್ನ ಹಟ ಅಂದುಕೊಂಡರೂ ಪರವಾಗಿಲ್ಲ. ತಪ್ಪು ಕೈಗೆ ಪ್ಯಾಡಲ್ ಹಾಕಿದರೆ ತಪ್ಪಿನ ಭಾರವೆಲ್ಲ ಭುಜದ ಮೇಲೆ ಬೀಳುತ್ತದೆ.

ಒಂದು ನೋಟ್ ಪುಸ್ತಕವೂ ಬೇಕು. ಪ್ಲಾಸ್ಟಿಕ್ ಕವರಿನಲ್ಲಿಡಿ.

## ಹಂತ 1: ಡ್ರಿಲ್‌ಗೆ ಮೊದಲು ಅಳೆಯಿರಿ

ಕೊಳ ನಿಜವಾಗಿ 25 ಮೀಟರ್ ಇದೆಯಾ ಅಂತ ಮೊದಲು ಕೇಳಿ. ಶಾಲೆ, ಹೋಟೆಲ್, ಅಪಾರ್ಟ್‌ಮೆಂಟ್ ಕೊಳಗಳು ಎಷ್ಟೋ ಸಲ 18, 20 ಮೀಟರ್ ಇರುತ್ತವೆ. ಅಲ್ಲಿನ ಟೈಮಿಂಗನ್ನು ಇನ್ನೊಂದು ಕೊಳದ್ದರ ಜೊತೆ ಹೋಲಿಸಿ ಖುಷಿಪಟ್ಟವರನ್ನು, ಬೇಜಾರಾದವರನ್ನು ಇಬ್ಬರನ್ನೂ ನೋಡಿದ್ದೇನೆ.

ಮಗುವಿಗೆ ಆರಾಮಾಗಿ ನಾಲ್ಕು ಸಲ 25 ಮೀಟರ್ ಈಜಲು ಹೇಳಿ. ಪ್ರತಿ ಸಲ ಸ್ಟ್ರೋಕ್ ಎಣಿಸಿ. ಬಲಗೈ ಒಂದು, ಎಡಗೈ ಎರಡು, ಹೀಗೆ. ಸೆಕೆಂಡೂ ಬರೆದುಕೊಳ್ಳಿ. 26 ಸ್ಟ್ರೋಕ್, 24 ಸೆಕೆಂಡ್ ಆದರೆ ಮೊತ್ತ 50. ಮುಂದೆ ನೀವು ನೋಡಬೇಕಾದದ್ದು ಈ ಮೊತ್ತವನ್ನು. ಬರೀ ಸ್ಟ್ರೋಕ್ ಕಮ್ಮಿ ಮಾಡು ಅಂದರೆ ಮಕ್ಕಳು ಜಾಣರು, ಪ್ರತಿ ಕೈಗೂ ತೇಲಿಕೊಂಡು ನಿಲ್ಲುತ್ತಾರೆ. ಸ್ಟ್ರೋಕ್ ಇಳಿಯುತ್ತದೆ, ಸೆಕೆಂಡ್ ಏರುತ್ತದೆ.

ಆಮೇಲೆ ಫೋನಿನಲ್ಲಿ ಎರಡು ವಿಡಿಯೋ: ಒಂದು ಪಕ್ಕದಿಂದ, ಒಂದು ಎದುರಿನಿಂದ. ಕೋಚನ್ನು ಕೇಳಿ ತೆಗೆಯಿರಿ. ಬೇರೆ ಮಕ್ಕಳು ಅದರಲ್ಲಿ ಬರದಂತೆ ನೋಡಿಕೊಳ್ಳಿ.

## ಹಂತ 2: ತಲೆ ಮತ್ತು ದೇಹದ ಗೆರೆ

ನಮ್ಮ ಕಡೆ ಮಕ್ಕಳಿಗೆ ಒಂದು ವಿಶೇಷ ಅಭ್ಯಾಸ ಇದೆ. ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋಗಿ ತೋಟದ ಬಾವಿಯಲ್ಲಿ ಬೆನ್ನಿಗೆ ಖಾಲಿ ಕ್ಯಾನ್ ಕಟ್ಟಿಸಿಕೊಂಡು ಈಜು ಕಲಿತಿರುತ್ತಾರೆ. ಅಲ್ಲಿ ತಲೆ ಎತ್ತಲೇಬೇಕು. ದಡ ನೋಡಬೇಕು, ಮೇಲಿಂದ ಹಾರುವ ಮಾವನನ್ನು ನೋಡಬೇಕು. ನೀರಿನ ಭಯ ಬಿಡಿಸಲು ಬಾವಿ ಈಜಿಗಿಂತ ಒಳ್ಳೆಯದಿಲ್ಲ. ಆದರೆ ಆ ಎತ್ತಿದ ತಲೆ ಕೊಳಕ್ಕೂ ಬರುತ್ತದೆ.

ಏತ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಒಂದು ತುದಿ ಮೇಲೆದ್ದರೆ ಇನ್ನೊಂದು ತುದಿ ಕೆಳಗಿಳಿಯಲೇಬೇಕು. ಎದೆಯಲ್ಲಿ ಗಾಳಿ ತುಂಬಿರುತ್ತದೆ, ಅದು ತೇಲುತ್ತದೆ. ಕಾಲು ಭಾರ. ತಲೆ ಎತ್ತಿದ ತಕ್ಷಣ ಸೊಂಟ, ಕಾಲು ಕೆಳಗೆ. ಈಗಿನ ಮಕ್ಕಳಿಗೆ ಏತ ಗೊತ್ತಿಲ್ಲ, ಪಾರ್ಕಿನ ಸೀಸಾ ಅನ್ನಿ.

ಮೊದಲ ಡ್ರಿಲ್: ಗೋಡೆ ಒದ್ದು ಜಾರುವುದು. ಒಂದು ಅಂಗೈ ಇನ್ನೊಂದರ ಮೇಲೆ, ಎರಡೂ ತೋಳು ಕಿವಿಯ ಹಿಂದಕ್ಕೆ ಒತ್ತಿ, ಮುಖ ನೀರಿನಲ್ಲಿ. ಒದ್ದ ಮೇಲೆ ಕಾಲು ಬಡಿಯಬಾರದು. ತಾನಾಗಿ ನಿಲ್ಲುವ ತನಕ ಜಾರಬೇಕು. ಕೊಳದ ಮೇಲೆ ಅಡ್ಡಕ್ಕೆ ಕಟ್ಟಿರುವ ಬ್ಯಾಕ್‌ಸ್ಟ್ರೋಕ್ ಬಾವುಟಗಳು ಗೋಡೆಯಿಂದ 5 ಮೀಟರ್‌ಗೆ ಇರುತ್ತವೆ. ಅಲ್ಲಿಗೆ ಮುಟ್ಟಿದರೆ ಗೆರೆ ಸರಿಯಿದೆ. ಮೂರೇ ಮೀಟರಿಗೆ ನಿಂತರೆ ತೋಳು ತೆರೆದಿದೆ, ಇಲ್ಲವೇ ತಲೆ ಎದ್ದಿದೆ. ಆರರಿಂದ ಎಂಟು ಸಲ ಮಾಡಿಸಿ.

ಎರಡನೆಯದು: ಅದೇ ಜಾರಿಕೆಗೆ ಮೆಲ್ಲನೆ ಕಿಕ್ ಸೇರಿಸಿ, ಭುಜದಗಲ ಕೈ ಚಾಚಿ ಅರ್ಧ ಕೊಳ. ಕಣ್ಣು ತಳದ ಕಪ್ಪು ಗೆರೆಯ ಮೇಲೆ, ಸ್ವಲ್ಪವೇ ಮುಂದಕ್ಕೆ.

ಇಲ್ಲಿ ಉಲ್ಟಾ ತಪ್ಪೂ ಆಗುತ್ತದೆ. "ತಲೆ ತಗ್ಗಿಸು" ಅಂತ ನಾಲ್ಕು ಸಲ ಕೂಗಿದರೆ ಮಗು ಗದ್ದವನ್ನು ಎದೆಗೆ ಒತ್ತಿಕೊಳ್ಳುತ್ತದೆ. ಆಗ ಉಸಿರಿಗೆ ತಿರುಗಲು ಆಗುವುದಿಲ್ಲ. ನಿಂತಾಗ ತಲೆ ಹೇಗಿರುತ್ತದೋ ನೀರಿನಲ್ಲೂ ಹಾಗೇ. ಕುತ್ತಿಗೆ ನೋವು ಅಂದರೆ ಎರಡರಲ್ಲಿ ಒಂದು ತಪ್ಪು ನಡೆಯುತ್ತಿದೆ.

## ಹಂತ 3: ಕಿಕ್

ಒದೆತ ತೊಡೆಯ ಬುಡದಿಂದ ಬರಬೇಕು. ಮಂಡಿ ಸ್ವಲ್ಪ ಬಾಗಲಿ, ಪಾದ ಸಡಿಲವಾಗಿರಲಿ. ಮಕ್ಕಳಿಗೆ ನಾನು ಹೇಳುವುದು: ಬಾಗಿಲಲ್ಲಿ ನಿಂತು ಸಡಿಲ ಚಪ್ಪಲಿಯನ್ನು ಕಾಲಿನಿಂದಲೇ ಒದರುತ್ತೀರಲ್ಲ, ಹಾಗೆ. ಅಮ್ಮ ಬೈಯುವ ಕೆಲಸ ಕೊಳದಲ್ಲಿ ಮಾಡಬಹುದು.

ಮೊದಲು ಅಂಗಾತ ಮಲಗಿ, ಕೈ ತಲೆಯ ಮೇಲಕ್ಕೆ ಚಾಚಿ ಕಿಕ್ ಮಾಡಿಸಿ. ಮಂಡಿ ನೀರಿನ ಮೇಲೆ ಕಾಣಬಾರದು. ಕಂಡರೆ ಮಗು ಸೈಕಲ್ ತುಳಿಯುತ್ತಿದೆ ಅಂತ ಅರ್ಥ. ಇದು ಸರಿಯಾದ ಮೇಲೆ ಬೋರ್ಡ್ ಹಿಡಿಯಲಿ. ಬೋರ್ಡಿನ ಕೆಳತುದಿ ಹಿಡಿದು ಮುಖ ನೀರಿನಲ್ಲಿಡಬೇಕು, ಉಸಿರಿಗೆ ಮಾತ್ರ ಏಳಬೇಕು. ಬೋರ್ಡಿನ ಮೇಲೆ ಮೊಣಕೈ ಊರಿ, ಪಕ್ಕದ ಲೇನಿನ ಗೆಳೆಯನ ಜೊತೆ ಹರಟುತ್ತಾ 200 ಮೀಟರ್ ಕಿಕ್ ಹೊಡೆಯುವುದು ಎಲ್ಲ ಕೊಳದಲ್ಲೂ ನಡೆಯುತ್ತದೆ. ಹಂತ 2ರಲ್ಲಿ ಕಲಿತದ್ದು ಅಲ್ಲಿಗೆ ಹೋಯಿತು.

ಕೆಲವು ಮಕ್ಕಳು ಎಷ್ಟು ಒದ್ದರೂ ಮುಂದೆ ಹೋಗುವುದಿಲ್ಲ, ಒಬ್ಬೊಬ್ಬರು ಹಿಂದಕ್ಕೇ ಹೋಗುತ್ತಾರೆ. ಶಕ್ತಿ ಕಮ್ಮಿ ಅಂತಲ್ಲ, ಪಾದದ ಕೀಲು ಬಿಗಿ. ಓಟ, ಫುಟ್‌ಬಾಲ್ ಆಡುವ ಮಕ್ಕಳಲ್ಲಿ ಇದು ಜಾಸ್ತಿ. ಮನೆಯಲ್ಲಿ ದಿನಾ ಎರಡು ನಿಮಿಷ ವಜ್ರಾಸನದಲ್ಲಿ ಕೂರಿಸಿ. ಮಂಡಿ ನೋಯುತ್ತದೆ ಅಂದರೆ ಬಿಟ್ಟುಬಿಡಿ.

## ಹಂತ 4: ಉಸಿರು ಮತ್ತು ಹೊರಳುವಿಕೆ

ಇಲ್ಲಿ ನಿಲ್ಲಿ. ಎರಡು ವಾರ ಆದರೂ ಸರಿ, ಮೂರಾದರೂ ಸರಿ. ನಾನು ನೋಡಿದ ಹತ್ತು ಮಕ್ಕಳಲ್ಲಿ ಏಳೆಂಟು ಮಂದಿ ಸಿಕ್ಕಿಬೀಳುವುದು ಇಲ್ಲೇ. ಆದರೆ ಅವರನ್ನು ಕರೆತಂದವರು ಹೇಳುವ ದೂರೇ ಬೇರೆ: "ಕಾಲು ಕತ್ತರಿ ಥರ ಅಗಲ ಆಗ್ತಿದೆ", "ಎಡಗೈ ಕೆಳಗೆ ಬೀಳ್ತಿದೆ". ತಪ್ಪು ಕಾಣುವುದು ಕಾಲಲ್ಲಿ, ಹುಟ್ಟುವುದು ಉಸಿರಲ್ಲಿ. ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿ. ಕಾಲು ಅಗಲವಾಗುವುದು ಮಗು ಗಾಳಿಗೆ ತಲೆ ಎತ್ತಿದ ಕ್ಷಣದಲ್ಲೇ. ತೂಕ ತಪ್ಪಿದ ದೇಹ ಬೀಳದಂತೆ ಕಾಲು ಚಾಚುತ್ತದೆ, ಅಷ್ಟೇ. ಆ ಮಗುವಿಗೆ ಸಾವಿರ ಮೀಟರ್ ಕಿಕ್ ಕೊಟ್ಟರೂ ಕತ್ತರಿ ಹೋಗುವುದಿಲ್ಲ.

ಮೊದಲು ಗುಳುಗುಳು. ಎದೆಮಟ್ಟದ ನೀರಿನಲ್ಲಿ ನಿಂತು ಮುಖ ಮುಳುಗಿಸಿ, ಮೂಗು ಬಾಯಿಂದ ಗುಳ್ಳೆ ಬಿಡಬೇಕು. ಮೇಲೆ ಬಂದಾಗ ಬರೀ ಒಳಗೆಳೆದುಕೊಳ್ಳಬೇಕು. ಉಸಿರು ಕಟ್ಟಿ ಈಜುವ ಮಗು ಹೊರಗೆ ಬಂದ ಅರೆಕ್ಷಣದಲ್ಲಿ ಬಿಡುವುದು, ಎಳೆಯುವುದು ಎರಡನ್ನೂ ಮಾಡಬೇಕಾಗುತ್ತದೆ. ಸಮಯ ಸಾಲದೆ ತಲೆ ಇನ್ನೂ ಮೇಲೆತ್ತುತ್ತದೆ. ಹತ್ತು ಸಲ ಮಾಡಿಸಿ. ಸುಲಭ ಅಂತ ಬಿಡಬೇಡಿ.

ಆಮೇಲೆ ಪಕ್ಕಕ್ಕೆ ಮಲಗಿ ಕಿಕ್. ಫಿನ್ಸ್ ಹಾಕಿ. ಒಂದು ಕೈ ಮುಂದೆ, ಇನ್ನೊಂದು ತೊಡೆಯ ಮೇಲೆ. ಕೆಳಗಿನ ಕಿವಿ ಚಾಚಿದ ತೋಳಿಗೆ ತಾಗಿರಲಿ. ಮುಖ ತಳ ನೋಡಲಿ. ಗಾಳಿ ಬೇಕೆನಿಸಿದಾಗ ಗದ್ದ ಭುಜದ ಕಡೆ ತಿರುಗಲಿ, ಒಂದು ಗಾಗಲ್ಸ್ ನೀರಿನೊಳಗೇ ಇರಲಿ. ಎರಡೂ ಕಣ್ಣು ಹೊರಗೆ ಬಂದರೆ ಜಾಸ್ತಿ ಆಯಿತು. 25 ಮೀಟರ್ ಬಲಕ್ಕೆ, 25 ಎಡಕ್ಕೆ. ಒಂದು ಪಕ್ಕ ಚೆನ್ನಾಗಿ, ಇನ್ನೊಂದು ಪಕ್ಕ ಮುಳುಗಿದರೆ ಗಾಬರಿ ಬೇಡ, ಎಲ್ಲರಿಗೂ ಹಾಗೇ. ಮುಳುಗುವ ಪಕ್ಕಕ್ಕೆ ಎರಡು ಸಲ ಕೊಡಿ.

ಮೂರನೆಯದು ಆರು ಕಿಕ್, ಒಂದು ಬದಲಾವಣೆ. ಪಕ್ಕಕ್ಕೆ ಮಲಗಿ ಆರು ಕಿಕ್, ಒಂದು ಕೈ ಎಳೆದು ಇನ್ನೊಂದು ಪಕ್ಕಕ್ಕೆ ಹೊರಳುವುದು, ಮತ್ತೆ ಆರು. ಭುಜ, ಸೊಂಟ ಎರಡೂ ಒಟ್ಟಿಗೆ ತಿರುಗಬೇಕು. ಒನಕೆ ಉರುಳಿದ ಹಾಗೆ, ಒಂದೇ ತುಂಡಾಗಿ. ಬರೀ ಭುಜ ತಿರುಗಿ ಸೊಂಟ ಅಲ್ಲೇ ಉಳಿದರೆ ನಡು ತಿರುಚಿಕೊಂಡು ಹಾವಿನಂತೆ ಈಜು ಬರುತ್ತದೆ.

ಇನ್ನು ಉಸಿರು ತೆಗೆಯುವ ಗಳಿಗೆ. ಉಸಿರಿನ ಪಕ್ಕದ ಕೈ ನೀರನ್ನು ಹಿಂದಕ್ಕೆ ತಳ್ಳುವಾಗ ಮುಖ ತಿರುಗಬೇಕು. ಆ ಕೈ ಮುಂದಕ್ಕೆ ಬಂದು ನೀರಿಗೆ ಇಳಿಯುವ ಮೊದಲೇ ಮುಖ ವಾಪಸ್ ಒಳಗಿರಬೇಕು. ತಡವಾಗಿ ಉಸಿರು ತೆಗೆಯುವ ಮಗುವಿನ ಮುಂದೆ ಚಾಚಿದ ಕೈ ಆಸರೆಗಾಗಿ ನೀರನ್ನು ಕೆಳಕ್ಕೆ ಒತ್ತುತ್ತದೆ. "ಎಡಗೈ ಬೀಳ್ತಿದೆ" ಅನ್ನುವ ದೂರಿನ ಮೂಲ ಅದೇ.

ಅಭ್ಯಾಸದಲ್ಲಿ ಮೂರು ಸ್ಟ್ರೋಕಿಗೆ ಒಂದು ಉಸಿರು ಒಳ್ಳೆಯದು, ಎರಡೂ ಪಕ್ಕ ಕಲಿಯುತ್ತಾರೆ. ಸ್ಪರ್ಧೆಯಲ್ಲಿ ಯಾವ ಪಕ್ಕ ಒಗ್ಗುತ್ತದೋ ಆ ಪಕ್ಕಕ್ಕೆ ತೆಗೆದುಕೊಳ್ಳಲಿ.

ಒಂದು ಎಚ್ಚರಿಕೆ. ನೀರೊಳಗೆ ಯಾರು ಜಾಸ್ತಿ ಹೊತ್ತು ಉಸಿರು ಕಟ್ಟುತ್ತಾರೆ ಅನ್ನುವ ಪಂದ್ಯ ಮಕ್ಕಳು ತಾವಾಗಿಯೇ ಕಟ್ಟಿಕೊಳ್ಳುತ್ತಾರೆ. ಮುಳುಗುವ ಮೊದಲು ಜೋರಾಗಿ ಹತ್ತು ಸಲ ಉಸಿರಾಡುವುದು ಇನ್ನೂ ಕೆಟ್ಟದ್ದು. ಉಸಿರು ಬೇಕು ಅನ್ನಿಸುವ ಮೊದಲೇ ಪ್ರಜ್ಞೆ ತಪ್ಪಬಹುದು. ಸದ್ದಿಲ್ಲದೆ ಆಗುತ್ತದೆ, ಕೂಗುವುದಿಲ್ಲ, ಕೈ ಬಡಿಯುವುದಿಲ್ಲ. ಕಂಡ ಕೂಡಲೇ ನಿಲ್ಲಿಸಿ.

## ಹಂತ 5: ಕೈ ಹೊರಗೆ ಬರುವುದು, ಒಳಗೆ ಹೋಗುವುದು

ಬೆರಳ ತುದಿ ಎಳೆಯುವ ಡ್ರಿಲ್ ಸಾಕು. ಕೈ ಹಿಂದಿನಿಂದ ಮುಂದಕ್ಕೆ ಬರುವಾಗ ಬೆರಳ ತುದಿ ನೀರಿನ ಮೇಲೆ ರಂಗೋಲಿ ಗೆರೆ ಎಳೆದಂತೆ ಸವರಿಕೊಂಡು ಬರಲಿ. ಮೊಣಕೈ ಎಲ್ಲಕ್ಕಿಂತ ಮೇಲಿರಲಿ. ಹಂತ 4ರ ಹೊರಳುವಿಕೆ ಇಲ್ಲದಿದ್ದರೆ ಮೊಣಕೈ ಮೇಲೇಳುವುದೇ ಇಲ್ಲ. ಏಳಿಸಲು ಹೋದರೆ ಭುಜ ಹಿಂಡಿದಂತಾಗುತ್ತದೆ.

ನೀರಿಗೆ ಇಳಿಯುವಾಗ ಬೆರಳ ತುದಿ ಮೊದಲು, ಭುಜದ ನೇರಕ್ಕೆ. ರೈಲು ಹಳಿ ನೆನಪಿಸಿ: ಬಲಗೈಗೆ ಬಲ ಹಳಿ, ಎಡಗೈಗೆ ಎಡ ಹಳಿ. ತಲೆಯ ಮುಂದೆ ಕೈಗಳು ಒಂದನ್ನೊಂದು ದಾಟಿದರೆ ದೇಹ ಅಡ್ಡಾಡುತ್ತದೆ. ಎದುರಿನಿಂದ ತೆಗೆದ ವಿಡಿಯೋ ಇರುವುದು ಇದನ್ನು ನೋಡಲಿಕ್ಕೇ. ಹೆಬ್ಬೆರಳು ಮೊದಲು ಇಳಿಸುವ ಹಳೇ ಪಾಠವೂ ಕೆಲವು ಕಡೆ ಉಳಿದುಕೊಂಡಿದೆ. ತೋಳು ಒಳಕ್ಕೆ ತಿರುಚಿಕೊಂಡು ಭುಜಕ್ಕೆ ತೊಂದರೆ, ಬಿಡಿಸಿ.

## ಹಂತ 6: ಕ್ಯಾಚ್, ಅಂದರೆ ನೀರು ಹಿಡಿಯುವುದು

ಈಗ ಕೈಗೆ ಬಂದೆವು. ದೊಡ್ಡ ನೀರಿನ ಡ್ರಮ್ಮನ್ನು ಮೇಲಿನಿಂದ ತಬ್ಬಿಕೊಳ್ಳುವಾಗ ಮೊಣಕೈ ಮೇಲೆ, ಅಂಗೈ ಕೆಳಗೆ ಇರುತ್ತದಲ್ಲ, ಕೈ ಚಾಚಿದ ಮೇಲೆ ಆ ಆಕಾರ ಬರಬೇಕು. ಆಗ ಅಂಗೈ, ಮುಂಗೈ ಎರಡೂ ಸೇರಿ ಹಿಂದಕ್ಕೆ ತಳ್ಳುತ್ತವೆ. ಮೊಣಕೈ ಮೊದಲು ಜಾರಿದರೆ ಕೈ ನೀರಿನಲ್ಲಿ ಸುಮ್ನೆ ಸೀಳಿಕೊಂಡು ಬರುತ್ತದೆ.

ಮುಷ್ಟಿ ಡ್ರಿಲ್ ನನಗೆ ಬಹಳ ಇಷ್ಟ. ಬೆರಳು ಮಡಚಿ 25 ಮೀಟರ್. ಅಂಗೈ ಇಲ್ಲದ್ದರಿಂದ ಮುಂಗೈಯಿಂದಲೇ ನೀರು ಹಿಡಿಯಬೇಕು. ವಾಪಸ್ ಬರುವಾಗ ಮುಷ್ಟಿ ಬಿಚ್ಚಿದರೆ ಕೈ ಸೌಟಿನಷ್ಟಿದ್ದದ್ದು ಮೊರದಷ್ಟಾದ ಹಾಗೆ ಅನ್ನಿಸುತ್ತದೆ. ಮಕ್ಕಳ ಮುಖ ನೋಡಬೇಕು ಆಗ. ಬಿಚ್ಚಿದ ಆ 25 ಮೀಟರೇ ನಿಜವಾದ ಪಾಠ. ಬರೀ ಮುಷ್ಟಿಯಲ್ಲಿ 200 ಮೀಟರ್ ಹೋದರೆ ಸಿಗುವುದು ಸುಸ್ತು ಮಾತ್ರ.

ಸ್ಕಲ್ಲಿಂಗ್ ಕೂಡ ಸೇರಿಸಿ. ಪುಲ್ ಬಾಯ್ ತೊಡೆ ನಡುವೆ, ಕೈ ಮುಂದೆ, ಮುಂಗೈ ಮಾತ್ರ ಒಳಗೆ ಹೊರಗೆ ಆಡಿಸುತ್ತಾ ಹತ್ತು ಮೀಟರ್. ನಿಧಾನಕ್ಕೆ ಹೋಗುತ್ತದೆ, ಬೇಸರ ಬರುತ್ತದೆ. ಬರಲಿ.

ಇನ್ನು ಕ್ಯಾಚ್‌ಅಪ್. ಒಂದು ಕೈ ಬಂದು ಮುಂದಿನ ಕೈಯನ್ನು ಮುಟ್ಟಿದ ಮೇಲೇ ಇನ್ನೊಂದು ಹೊರಡುವ ಡ್ರಿಲ್. ಎಲ್ಲರಿಗೂ ಗೊತ್ತಿರುವುದು ಇದೊಂದೇ, ಜಾಸ್ತಿ ಹಾಳುಮಾಡುವುದೂ ಇದೇ. ನಾನೂ ಒಂದು ಬೇಸಿಗೆ ಪೂರ್ತಿ ಒಂದು ಬ್ಯಾಚಿಗೆ ದಿನಾ 400 ಮೀಟರ್ ಕ್ಯಾಚ್‌ಅಪ್ ಮಾಡಿಸಿದ್ದೆ. ನೋಡಲು ಚೆಂದ, ಫೋಟೋದಲ್ಲಿ ಇನ್ನೂ ಚೆಂದ. ಸ್ಪರ್ಧೆಯ ದಿನ ಎಲ್ಲರ ಕೈಯೂ ಮುಂದೆ ಹೋಗಿ ಒಂದು ಕ್ಷಣ ನಿಲ್ಲುತ್ತಿತ್ತು. ನಿಂತಷ್ಟು ಹೊತ್ತು ವೇಗ ಸೋರಿಹೋಗುತ್ತದೆ. ಆ ನಿಲುಗಡೆ ಬಿಡಿಸಲು ಇನ್ನೊಂದು ಬೇಸಿಗೆ ಬೇಕಾಯಿತು. ಈಗ ಮುಕ್ಕಾಲು ಕ್ಯಾಚ್‌ಅಪ್ ಮಾತ್ರ ಮಾಡಿಸುತ್ತೇನೆ. ಬರುವ ಕೈ ತಲೆ ದಾಟಿದ ಕೂಡಲೇ ಮುಂದಿನ ಕೈ ಹೊರಡಬೇಕು, ಮುಟ್ಟುವುದು ಬೇಡ. ಒಂದು ದಿನಕ್ಕೆ 50 ಮೀಟರ್ ಮೀರುವುದಿಲ್ಲ.

## ಹಂತ 7: ಡ್ರಿಲ್ಲನ್ನು ಈಜಿಗೆ ಬೆಸೆಯುವುದು

ಡ್ರಿಲ್ 25 ಮೀಟರ್, ತಕ್ಷಣ ಪೂರ್ತಿ ಈಜು 25 ಮೀಟರ್. ಇದನ್ನು ಮುರಿಯಬೇಡಿ. ಪೂರ್ತಿ ಈಜುವಾಗ ಆ ಡ್ರಿಲ್ ಕಲಿಸಿದ ಒಂದೇ ವಿಷಯ ತಲೆಯಲ್ಲಿರಲಿ. ದಡದಿಂದ "ತಲೆ! ಮೊಣಕೈ! ಕಿಕ್!" ಅಂತ ಮೂರು ಕೂಗಿದರೆ ಮಗು ಒಂದನ್ನೂ ಮಾಡುವುದಿಲ್ಲ. ನೀರೊಳಗೆ ಅದಕ್ಕೆ ಕೇಳಿಸುವುದೂ ಇಲ್ಲ.

ಒಂದು ದಿನದ 1000 ಮೀಟರ್ ಹೀಗಿರಬಹುದು:

- 200 ಮೀಟರ್ ಆರಾಮಾಗಿ
- 4 ಸಲ 50 ಕಿಕ್, ಒಂದು ಅಂಗಾತ, ಒಂದು ಬೋರ್ಡ್
- 8 ಸಲ 25, ಒಂದು ಡ್ರಿಲ್, ಒಂದು ಪೂರ್ತಿ ಈಜು
- 4 ಸಲ 50, ಸ್ಟ್ರೋಕ್ ಎಣಿಸುತ್ತಾ
- 4 ಸಲ 25 ಜೋರಾಗಿ, ನಡುವೆ ಸಾಕಷ್ಟು ವಿಶ್ರಾಂತಿ
- 100 ಮೀಟರ್ ಆರಾಮಾಗಿ

ಒಂದು ದಿನಕ್ಕೆ ಎರಡೇ ಡ್ರಿಲ್. ಇಂಟರ್ನೆಟ್ಟಿನಲ್ಲಿ ಕಂಡ ಏಳೆಂಟನ್ನು ಒಂದೇ ದಿನ ಮಾಡಿಸುವುದು ಮದುವೆ ಊಟದ ಎಲೆಯಾದೀತು, ಅಭ್ಯಾಸ ಆಗದು. ಡ್ರಿಲ್ ಯಾವಾಗಲೂ ದಣಿಯುವ ಮೊದಲೇ ಮುಗಿಯಬೇಕು. ಸುಸ್ತಾದ ದೇಹ ತಪ್ಪನ್ನೇ ಕಲಿಯುತ್ತದೆ.

ಪ್ರತಿ ಟರ್ನ್ ಆದ ಮೇಲೂ ಹಂತ 2ರ ಜಾರಿಕೆ ಬರಲೇಬೇಕು. ಫ್ರೀಸ್ಟೈಲ್ ನಿಯಮದಂತೆ ಸ್ಟಾರ್ಟ್ ಮತ್ತು ಟರ್ನ್ ಆದ ಮೇಲೆ 15 ಮೀಟರ್‌ಗೆ ಮೊದಲು ತಲೆ ನೀರಿನಿಂದ ಹೊರಗೆ ಬರಬೇಕು. ನಮ್ಮ ಮಕ್ಕಳಿಗೆ ಆ ಚಿಂತೆ ಇಲ್ಲ ಬಿಡಿ, ಎರಡೇ ಮೀಟರಿಗೆ ಎದ್ದುಬಿಡುತ್ತಾರೆ. ಬಾವುಟದ ತನಕವಾದರೂ ಜಾರಲಿ.

## ನಿಲ್ಲಿಸಬೇಕಾದ ಸೂಚನೆಗಳು

ಭುಜದ ಮುಂಭಾಗದಲ್ಲಿ ಚುಚ್ಚುವ ನೋವು, ರಾತ್ರಿ ಆ ಪಕ್ಕ ಮಲಗಲು ಆಗದಿರುವುದು, ಶಾಲೆ ಬ್ಯಾಗು ಎತ್ತುವಾಗ ಮುಖ ಕಿವುಚುವುದು. ಇವು ಸುಸ್ತಿನ ನೋವಲ್ಲ. ಕೈ ಡ್ರಿಲ್ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಅಲ್ಲಿಯ ತನಕ ಕಿಕ್ ಮಾಡುವುದಾದರೂ ಕೈ ದೇಹದ ಪಕ್ಕದಲ್ಲಿರಲಿ.

ಕಿವಿ ನೋವಿಗೆ ಬಿಸಿ ಎಣ್ಣೆ ಬಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಬೇಡ. ತಲೆ ಓರೆ ಮಾಡಿ ನೀರು ಇಳಿಸಿ, ಹೊರಗೆ ಟವೆಲ್‌ನಿಂದ ಒರೆಸಿ. ನೋವು ಇದ್ದರೆ ಡಾಕ್ಟರ್.

ಡಿಸೆಂಬರ್, ಜನವರಿಯ ತುಮಕೂರಿನ ಬೆಳಗಿನ ಜಾವ ತೆರೆದ ಕೊಳದಲ್ಲಿ ಮಕ್ಕಳ ತುಟಿ ನೀಲಿಯಾಗುತ್ತದೆ, ಹಲ್ಲು ಕಟಕಟ ಅನ್ನುತ್ತದೆ. ಆಗ "ಇನ್ನೊಂದು ರೌಂಡ್" ಅನ್ನಬೇಡಿ. ನಿಧಾನದ ಡ್ರಿಲ್‌ಗಳಿಗೆ ಆ ಕಾಲದಲ್ಲಿ ಸಂಜೆಯೇ ಸರಿ.

ಬರುವ ಮೊದಲು ಒಂದು ಬಾಳೆಹಣ್ಣು ಸಾಕು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಈಜಿದ ಮೇಲೆ. ಮೊದಲು ತಿಂದು ಬಂದವರಿಗೆ ಗೋಡೆ ಒದ್ದು ಜಾರುವಾಗಲೇ ಗೊತ್ತಾಗುತ್ತದೆ.

## ಹಂತ 8: ಮತ್ತೆ ಅಳತೆ, ಆಮೇಲೆ ಬೆಂಗಳೂರು

ನಾಲ್ಕು ವಾರ ಆದ ಮೇಲೆ ಅದೇ ಕೊಳ, ಅದೇ ಹೊತ್ತು, ಅದೇ ನಾಲ್ಕು 25 ಮೀಟರ್. ಮೊತ್ತ 50 ಇದ್ದದ್ದು 47 ಆದರೆ ಮುಂದಿನ ಹಂತಕ್ಕೆ ಹೋಗಿ. ಸ್ಟ್ರೋಕ್ ಇಳಿದು ಸೆಕೆಂಡ್ ಏರಿದ್ದರೆ ಕೈ ಮುಂದೆ ನಿಲ್ಲುತ್ತಿದೆ, ಕ್ಯಾಚ್‌ಅಪ್ ಬಿಡಿಸಿ. ಎರಡೂ ಏರಿದ್ದರೆ ಹಂತ 4ಕ್ಕೆ ವಾಪಸ್. ಹೊಸ ವಿಡಿಯೋವನ್ನು ಹಳೆಯದರ ಪಕ್ಕ ಇಟ್ಟು ಮಗುವಿಗೇ ತೋರಿಸಿ. ತಪ್ಪನ್ನು ಅದೇ ಹೇಳಲಿ, ನೀವು ಹೇಳಬೇಡಿ.

ಸ್ಪರ್ಧೆಗೆ ಬೆಂಗಳೂರಿಗೆ ಹೋದರೆ, ಬಸವನಗುಡಿ ಅಕ್ವಾಟಿಕ್ ಸೆಂಟರ್‌ನಂಥ ಕಡೆ ಕೊಳ 50 ಮೀಟರ್. ಇಲ್ಲಿ 25ರಲ್ಲಿ ಕಲಿತ ಮಕ್ಕಳು ಅಲ್ಲಿ 35 ಮೀಟರ್ ಆದ ಮೇಲೆ ಗೋಡೆ ಹುಡುಕುತ್ತಾರೆ. ಲೆಕ್ಕ ಸುಲಭ: ಇಲ್ಲಿ 25 ಮೀಟರಿಗೆ 22 ಸ್ಟ್ರೋಕ್ ಆದರೆ ಅಲ್ಲಿ 50ಕ್ಕೆ 44 ಆಗುವುದಿಲ್ಲ, 49, 50 ಆಗುತ್ತದೆ. ನಡುವೆ ಒದೆಯಲು ಗೋಡೆ ಇಲ್ಲವಲ್ಲ. ಅದಕ್ಕೆ ಹೋಗುವ ಎರಡು ವಾರ ಮೊದಲಿಂದ ಕೆಲವು ಸಲ ಗೋಡೆ ಮುಟ್ಟದೆ, ಒದೆಯದೆ, ಬಾವುಟದ ಕೆಳಗೇ ತಿರುಗಿ ಈಜಲು ಹೇಳಿ. ಆ ಎರಡು ವಾರದಲ್ಲಿ ಹೊಸ ಡ್ರಿಲ್ ಏನೂ ಬೇಡ. ಸ್ಪರ್ಧೆಯ ಬೆಳಿಗ್ಗೆ ವಾರ್ಮ್‌ಅಪ್‌ನಲ್ಲಿ ಗೋಡೆ ಒದ್ದು ನಾಲ್ಕು ಸಲ ಜಾರುವುದು, ಆರು ಕಿಕ್ ಬದಲಾವಣೆ ಒಂದು 50, ಅಷ್ಟೇ. ಆ ಹೊತ್ತಿಗೆ ಪಕ್ಕದ ಊರಿನ ಕೋಚ್ ತಮ್ಮ ಮಕ್ಕಳಿಗೆ ಏನೋ ಹೊಸದು ಮಾಡಿಸುತ್ತಿರುತ್ತಾರೆ. ನೋಡಬೇಡಿ.